ರೈಲಿನ ಆಚೆ ಬದಿ

ಪುತ್ತೂರು, ೨೦-೧೧-೧೯೬೩, ಬುಧವಾರ

ಬೆಟ್ಟಂಪಾಡಿಯಲ್ಲಿ ಆಟಿಕೆ ಮಾಡುವ ಕಿಟ್ಟಣ್ಣನಿಗೆ ಕಳಿಸಲೆಂದು ವಕೀಲರು ನನಗೆ ಬರೆದುಕೊಟ್ಟ ಕಾಪಿರೈಟ್ ನೋಟೀಸು ಇನ್ನೂ ಮೇಜಿನ ಮೇಲೆಯೇ ಇದೆ.

ನನ್ನ ಆಟಿಕೆ ರೈಲನ್ನು ಅವನು ಹಾಗೆಯೇ ನಕಲು ಮಾಡಿದ್ದಾನೆಂದು ಸುದ್ದಿ ಬಂದಿತ್ತು. ಇಂದು ಬೆಟ್ಟಂಪಾಡಿಗೆ ಜಗಳಕ್ಕೆಂದೇ ಹೋದೆ. ಊರಿಗೆ ರೈಲೇ ಇಲ್ಲ; ನಾನು ಕ್ಯಾಲೆಂಡರಿನ ಚಿತ್ರ ನೋಡಿ ತಗಡಿನಲ್ಲಿ ಮಾಡಿದವನು. ಚಿತ್ರದಲ್ಲಿ ಕಾಣುವುದು ಒಂದೇ ಬದಿ. ಆಚೆ ಬದಿ ಪೂರ್ತಿ ನನ್ನ ಕಲ್ಪನೆ. ರೈಲು ಹತ್ತುವ ಆಸೆಯಲ್ಲೇ ತೀರಿಕೊಂಡ ತಂಗಿ ವಸುಮತಿಯ ಮುಖವನ್ನು ಅಲ್ಲಿಯ ಕಿಟಕಿಯೊಂದರಲ್ಲಿ ಬರೆದಿದ್ದೆ. ಯಾರೂ ಕದಿಯಬಾರದೆಂದು ಆ ಬದಿಯನ್ನು ಗೋಡೆಗೆ ತಿರುಗಿಸಿಯೇ ಇಟ್ಟಿದ್ದೆ. ಒಬ್ಬರಿಗೂ ತೋರಿಸಿಲ್ಲ.

ಕಿಟ್ಟಣ್ಣ ತನ್ನ ರೈಲನ್ನು ತಿರುಗಿಸಿದ. ಅದೇ ಕಿಟಕಿ, ಅದೇ ಮುಖ, ಎಡಗೆನ್ನೆಯ ಅದೇ ಮಚ್ಚೆ.

"ಇವಳನ್ನು ಎಲ್ಲಿ ನೋಡಿದ್ದು ನೀನು?"

"ಕನಸಲ್ಲಿ ಮಾರಾಯ್ರೆ. ಗೋಡೆ ನೋಡಿ ನೋಡಿ ಸಾಕಾಯ್ತು, ನನ್ನನ್ನು ಹೊರಗೆ ಕಾಣುವಲ್ಲಿ ಕೂರಿಸಿ ಅಂತ ಹೇಳಿದಳು. ಯಾರು ಅಂತ ನಿಮಗೆ ಗೊತ್ತುಂಟಾ?"

 ಜಗಳವಾಡದೆಯೇ ವಾಪಸು ಹೊರಟೆ.

ಮನೆಗೆ ಬಂದವನೇ ರೈಲನ್ನು ಕೋಣೆಯ ಕಡೆ ತಿರುಗಿಸಿಟ್ಟೆ. ಹನ್ನೊಂದು ವರ್ಷ ಅವಳಿಗೆ ಸುಣ್ಣದ ಗೋಡೆಯನ್ನೇ ತೋರಿಸಿದೆನಲ್ಲ! ಈಗ ನನ್ನನ್ನೇ ನೋಡುತ್ತಿದ್ದಾಳೆ.

ನಿದ್ದೆ ಎಳೆಯುತ್ತಿದೆ, ದೀಪ ಆರಿಸಬೇಕು. ಆರಿಸಿದರೆ ಅವಳಿಗೆ ಮತ್ತೆ ಏನೂ ಕಾಣಿಸುವುದಿಲ್ಲ.