ಪಾವಡಿಯಲ್ಲಿ ಒಂಟಿಗಾಲಿ

ಜೂನ್ 11. ಬೆಳಗ್ಗೆ 6.

ಎದ್ದೆ. ಹಾಲು ಬಂತು. ಕಾಫಿ ಕುಡಿದೆ. ಸಕ್ಕರೆ ಹಾಕಿದ್ದೆನೋ ಇಲ್ಲವೋ, ಗೊತ್ತಾಗಲಿಲ್ಲ. ಮಗ್ಗಕ್ಕೆ ಹೊದಿಸಿದ ಬೆಡ್‌ಶೀಟ್ ತೆಗೆದು ಧೂಳು ಕೊಡವಿದೆ. ಮತ್ತೆ ಹೊದಿಸಿದೆ. ದಿನವೂ ಇಷ್ಟೇ.

ಹೆಂಡತಿ ಶಿವಲಕ್ಷ್ಮಿ ಹೋಗಿ ಮೂರು ತಿಂಗಳು ದಾಟಿತು. ಎದೆ ಹಿಡಿದ ಹಾಗಿದೆ ಅಂದಳು, ಆಟೋ ಬರುವಷ್ಟರಲ್ಲಿ ಮುಗಿದಿತ್ತು. ಅಂದಿನಿಂದ ಮಗ್ಗದಲ್ಲಿ ಕೂತಿಲ್ಲ. ನೇಕಾರರ ಸೊಸೈಟಿಗೆ ನೇಯುತ್ತಿದ್ದ ಸೀರೆ ಅರ್ಧಕ್ಕೆ ನಿಂತಿದೆ. ಲಾಳಿಗೆ ಹಾಕಲೆಂದು ಅವಳು ರಾಟೆಯಲ್ಲಿ ಸುತ್ತಿಟ್ಟ ಕಂಡಿಕೆಗಳು ಬುಟ್ಟಿಯಲ್ಲೇ ಇವೆ. ನೇಯ್ದರೆ ಅವು ಮುಗಿಯುತ್ತವೆ. ಆಮೇಲೆ ಅವಳ ಕೈಯ ನೂಲು ಅಂತ ಈ ಮನೆಯಲ್ಲಿ ಏನೂ ಇರುವುದಿಲ್ಲ.

ಮಗಳು ಇಂದುಜಾ ಮಹಡಿಯಿಂದ ಇಳಿದು ಬಂದಳು.

"ಅಪ್ಪಾ, ಸೊಸೈಟಿಯಿಂದ ಫೋನ್ ಮ್ಯಾಲೆ ಫೋನು. ನೇಯ್ತೀಯಾ, ಇಲ್ಲಾ ಮಗ್ಗದ್ ಪಾವು ಕೊಯ್ದು ನೂಲ್ನ ವಾಪಸ್ ಕೊಟ್ಬುಡಾಣಾ? ದೀಪಾವಳಿ ಗಂಟ ನೋಡ್ತೀನಿ. ಆಮ್ಯಾಕೆ ಮೇಸ್ತ್ರಿನ ಕರ್ಸಿ ಈ ಮಗ್ಗದ್ ಗುಂಡಿ ಮುಚ್ಸಿ ಟೈಲ್ಸ್ ಆಕುಸ್ತೀನಿ. ಅದ್ನ ನೋಡ್ನೋಡಿ ನೀ ಮಂಕಾಗ್ತಾ ಇದೀಯ."

ಸರಿ ಅಂದೆ.

"ಏನ್ ಸರಿ?"

ಅದಕ್ಕೂ ಸರಿ ಅಂದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂದುಜಾಗೆ ಮಾತು ಬರುತ್ತದೆ, ಓದು ಬರುವುದಿಲ್ಲ — ಇದು ತಮಿಳು ಸೀಮೆ, ಓದಿದ್ದು ತಮಿಳು ಸ್ಕೂಲು. ನನಗೂ ಬರುತ್ತಿರಲಿಲ್ಲ. ದೊಡ್ಡಬಳ್ಳಾಪುರದಿಂದ ಮದುವೆಯಾಗಿ ಬಂದವಳು ಕಲಿಸಿದಳು. ಕಂಡಿಕೆ ಸುತ್ತುತ್ತಾ ಅ ಆ ಹೇಳಿಸುತ್ತಿದ್ದಳು. ತಪ್ಪಿದರೆ ನಗುತ್ತಿದ್ದಳು.

ಜೂನ್ 19. ಸಂಜೆ.

ಕಾಲು ಸುಮ್ಮನಿರುವುದಿಲ್ಲ. ಮಂಚದ ಮೇಲೆ ಕೂತರೂ ಎಡ, ಬಲ, ಎಡ, ಬಲ. ನಲವತ್ತು ವರ್ಷ ಗುಂಡಿಯಲ್ಲಿ ಮಗ್ಗ ತುಳಿದ ಕಾಲು. ಅದಕ್ಕೆ ಯಾರೂ ಸುದ್ದಿ ಹೇಳಿಲ್ಲ.

ಪೊನ್ನುಸ್ವಾಮಿಯ ಸೈಕಲ್ ಶಾಪಿನಲ್ಲಿ ಕೂತಿದ್ದೆ. ಚಿಕ್ಕಂದಿನ ಸ್ನೇಹಿತ. ಅವನೂ ಮಾತಾಡುವುದಿಲ್ಲ, ನಾನೂ ಮಾತಾಡುವುದಿಲ್ಲ, ಅನುಕೂಲ. ಮೂಲೆಯಲ್ಲಿ ಒಂದು ಸೈಕಲ್ ಗೋಡೆಗೆ ಒರಗಿತ್ತು. ಒಂದೇ ಗಾಲಿ. ಹ್ಯಾಂಡಲ್ ಇಲ್ಲ, ಬ್ರೇಕ್ ಇಲ್ಲ. ಗಾಲಿ, ಎರಡು ಪೆಡಲ್, ಮೇಲೊಂದು ಸೀಟು. ಯಾವುದೋ ಸರ್ಕಸ್‌ನವರು ರಿಪೇರಿಗೆ ಕೊಟ್ಟು, ಮಳೆ ಹಿಡಿದದ್ದಕ್ಕೆ ಡೇರೆ ಕಿತ್ತುಕೊಂಡು ಹೋದವರು ಬರಲೇ ಇಲ್ಲವಂತೆ.

ಕೂತ ಕಡೆಯಿಂದಲೇ ಅದರ ಪೆಡಲಿಗೆ ಕಾಲು ಕೊಟ್ಟೆ. ಸುಮ್ಮನೆ.

"ಏನ್ಲಾ, ಬೇಕಾ?" ಅಂದ.

ತಲೆಯಾಡಿಸಿದೆ. ಯಾಕೆ ಅಂತ ಗೊತ್ತಿಲ್ಲ. ಅರವತ್ತಕ್ಕೆ ಅರಳು ಮರಳು ಅಂತಾರೆ. ನನಗೆ ಎರಡು ವರ್ಷ ಮೊದಲೇ.

ಜೂನ್ 25. ಅಮಾವಾಸ್ಯೆ.

ಅಮಾವಾಸ್ಯೆಗೆ ನಮ್ಮವರು ಯಾರೂ ಮಗ್ಗ ಮುಟ್ಟುವುದಿಲ್ಲ. ಇಡೀ ಬೀದಿಗೆ ಸದ್ದಿಲ್ಲ. ಇವತ್ತೊಂದು ದಿನ ನಾನೂ ಎಲ್ಲರ ಹಾಗೆ.

ಬೆಳಗ್ಗೆ ಐದೂವರೆಗೆ ಪೊನ್ನುಸ್ವಾಮಿ ಗಾಲಿ ತಂದ. ಪಾವಡಿಗೆ ಹೋದೆವು. ಈ ಬಯಲಲ್ಲೇ ಹಿಂದೆ ಹಾಸು ಎಳೆದು ಗಂಜಿ ಹಚ್ಚುತ್ತಿದ್ದದ್ದು. ಕುಂಚ ಹಿಡಿದು ಆ ಕಡೆ ಶಿವಲಕ್ಷ್ಮಿ, ಈ ಕಡೆ ನಾನು, ಬಿಸಿಲೇರುವ ಮೊದಲು ಈ ತುದಿಯಿಂದ ಆ ತುದಿಗೆ. ಈಗ ಮಿಲ್ಲಿನಿಂದಲೇ ಗಂಜಿ ಹಾಕಿದ ನೂಲು ಬರುತ್ತದೆ. ಕಲ್ಲುಕಂಬಗಳು ಮಾತ್ರ ಸಾಲಾಗಿ ನಿಂತಿವೆ.

ಕಂಬ ಹಿಡಿದು ಗಾಲಿ ಹತ್ತಿದೆ. ಬಿಟ್ಟೆ. ಬಿದ್ದೆ. ಹತ್ತಿದೆ, ಬಿದ್ದೆ. ಮೊಣಕೈ ತರಚಿ ರಕ್ತ ಬಂತು. ನೋವಾಗಲಿಲ್ಲ. ಯಾರದೋ ಕೈ ನೋಡಿದ ಹಾಗೆ ನೋಡಿದೆ.

ಇಡ್ಲಿ ಗಾಡಿಯ ವಳ್ಳಿಯಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. "ಅಯ್ಯೋ ಅಣ್ಣೇ, ಇನ್ನೊಂದ್ ಗಾಲಿ ಯಾವನ್ ಕದ್ಕೊಂಡ್ ಓದ?" ಅಂದಳು.

ಪೊನ್ನುಸ್ವಾಮಿ ನಕ್ಕ. ನಾನು ಮತ್ತೆ ಹತ್ತಿದೆ.

ಜುಲೈ 3.

ದಿನವೂ ಹೋಗುತ್ತಿದ್ದೇನೆ. ದಿನವೂ ಬಲಕ್ಕೇ ಬೀಳುತ್ತೇನೆ. ಎಡಕ್ಕೆ ಒಮ್ಮೆಯೂ ಇಲ್ಲ.

ಇವತ್ತು ಪೊನ್ನುಸ್ವಾಮಿ ಬೀಡಿ ಎಸೆದು ಎದ್ದು ಬಂದ. "ಲೇ ಚಿನ್ನರಾಜಾ, ನೀ ಗಾಲಿ ಬುಡ್ತಾ ಇಲ್ಲ ಕಣ್ಲಾ. ಮಗ್ಗ ತುಳೀತಾ ಇದೀಯ! ಒಂದ್ ಕಾಲ್ನ ಕೆಳಕ್ ಅಮುಕಿ ಅಂಗೇ ನಿಲ್ತೀಯ. ಕೈ ಬ್ಯಾರೆ ಎಳೀತೀಯ. ಯಾವ ಅಗ್ಗ ಐತೆ ಅಲ್ಲಿ ಎಳಿಯಾಕೆ?"

ನಿಜ. ಗುಂಡಿಯಲ್ಲಿ ಒಂದು ಕಾಲು ಒತ್ತಬೇಕು, ಹಾಸಿನ ಎಳೆಗಳ ನಡುವೆ ದಾರಿ ಬಿಡುತ್ತದೆ, ಬಲಗೈ ಹಗ್ಗ ಎಳೆದರೆ ಲಾಳಿ ಓಡುತ್ತದೆ. ಅದು ಆಚೆ ಸೇರುವ ತನಕ ಕಾಲು ಎತ್ತಬಾರದು. ಎತ್ತಿದರೆ ಕೆಟ್ಟಿತು. ಇಲ್ಲಿ ನಿಂತರೆ ಕೆಟ್ಟಿತು.

"ನಿಲ್ಲುಸ್ಬ್ಯಾಡ. ಸುತ್ತು. ಬೀಳ್ತೀನೇನೋ ಅನ್ನಂಗೆ ಮುಂದುಕ್ ಬಾಗು. ಆಗ್ಲೇ ಓಡೋದು. ನೆಲ ನೋಡ್ಬ್ಯಾಡ, ದೂರ ನೋಡು."

ಎಷ್ಟು ಹೇಳಿದರೂ ಕೈ ಹೋಗಿ ಇಲ್ಲದ ಹಗ್ಗ ಎಳೆಯುತ್ತದೆ. ನಾನು ಬಲಕ್ಕೆ ಬೀಳುತ್ತೇನೆ.

ಜುಲೈ 24. ಆಡಿ ತಿಂಗಳ ಅಮಾವಾಸ್ಯೆ.

ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ. ಹಿಡಿಯದೆ.

ಎರಡೂ ಕೈ ಜೇಬಿನಲ್ಲಿ ತುರುಕಿಕೊಂಡು ಹೊರಟಿದ್ದೆ, ಹಗ್ಗ ಎಳೆಯದಿರಲಿ ಎಂದು. ತಲುಪಿದೆ. ಜೇಬಿನಿಂದ ಕೈ ಬರುವ ಮೊದಲೇ ಬಿದ್ದೆ. ಮೀಸೆ ಮಣ್ಣಾಗಲಿಲ್ಲ ಎನ್ನುವಂತಿಲ್ಲ, ಆಯಿತು.

ಮನೆಗೆ ಬಂದು ಮೊಣಕಾಲಿಗೆ ನೀರು ಹಾಕಿದರೆ ಉರಿಯಿತು. ಜೋರಾಗಿ ಉರಿಯಿತು. ಸ್ವಲ್ಪ ಹೊತ್ತು ಹಾಗೇ ಕೂತು ಉರಿಸಿಕೊಂಡೆ.

ಆಗಸ್ಟ್ 17. ಭಾನುವಾರ.

ಬರೆಯದೆ ಬಹಳ ದಿನವಾಯಿತು. ಬರೆಯಲು ಹೊತ್ತಿಲ್ಲ. ನಾಚಿಕೆಯಾಗುತ್ತದೆ ಹೀಗೆ ಬರೆಯಲು — ನನಗೆ ಈ ಗಾಲಿ ಇಷ್ಟ.

ಇವತ್ತು ಮೊದಲ ಕಂಬದಿಂದ ಕೊನೆಯ ಕಂಬದ ತನಕ ಹೋದೆ. ಒಂದು ಹಾಸಿನ ಉದ್ದ. ಲುಂಗಿ ಬಿಟ್ಟು ಬಾಲಾಜಿಯ ಹಳೆಯ ಟ್ರ್ಯಾಕ್ ಪ್ಯಾಂಟ್. ಅಳಿಯನ ಪ್ಯಾಂಟು ಮಾವನಿಗೆ. ಬೆನ್ನು ನೆಟ್ಟಗೆ, ಕಣ್ಣು ದೂರ, ಯರ್ಕಾಡು ಬೆಟ್ಟದ ಕಡೆ. ಕೆಳಗೆ ಕಾಲು ತಾನೇ ಸುತ್ತುತ್ತಿತ್ತು. ಗಾಳಿ ಎರಡು ಕಿವಿಗೂ ಸಮ ಬಡಿಯಿತು. ಹಿಡಿಯಲು ಏನೂ ಇಲ್ಲ, ಹಿಡಿಯಬೇಕು ಅಂತಲೂ ಅನ್ನಿಸಲಿಲ್ಲ. ಏನೋ ಸದ್ದು ಕೇಳಿತು. ನಾನೇ ನಗುತ್ತಿದ್ದೆ.

ವಳ್ಳಿಯಮ್ಮ ಬಿಸಿ ಇಡ್ಲಿ ಕೊಟ್ಟಳು. "ಸೂಪ್ಪರ್ ಅಣ್ಣೇ!" ಅಂದಳು. ಚಟ್ನಿ ಖಾರ ಇತ್ತು.

ವಾಪಸ್ ಬರುವಾಗ, ಇದನ್ನು ಹೋಗಿ ಶಿವಲಕ್ಷ್ಮಿಗೆ ಹೇಳಬೇಕು ಅಂದುಕೊಂಡೇ ಬಂದೆ. ಬಾಗಿಲವರೆಗೂ.

ಸೆಪ್ಟೆಂಬರ್ 4. ಸಂಜೆ 7.

ಯಾರೋ ವಿಡಿಯೋ ತೆಗೆದಿದ್ದಾರೆ. ಹಿಂದೆ ಪೀಪಿ ಮ್ಯೂಸಿಕ್ ಹಾಕಿ, ನನ್ನ ಮೂಗಿನ ಮೇಲೆ ಕೆಂಪು ಉಂಡೆ ಕೂರಿಸಿ ವಾಟ್ಸಾಪಿಗೆ ಬಿಟ್ಟಿದ್ದಾರೆ. ಇಂದುಜಾ ಸ್ಕೂಲ್ ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ. ಅಲ್ಲಿನ ಗ್ರೂಪಿಗೇ ಬಂತಂತೆ.

ಫೋನು ನನ್ನ ಮುಖದ ಮುಂದೆ ಹಿಡಿದಳು.

"ಅಮ್ಮ ಓದಾಗ ಒಂದ್ ತೊಟ್ಟು ಕಣ್ಣೀರ್ ಬುಡ್ಲಿಲ್ಲ ನೀ. ನಿಮ್ಮಪ್ಪುಂಗೆ ಎನ್ನಾಚ್ಚು ಅಂತ ಎಲ್ರೂ ಕೇಳುದ್ರು. ಶಾಕು ಅಂದೆ. ಎಲ್ರಿಗೂ ಅದನ್ನೇ ಯೋಳ್ದೆ. ಈಗ ನೋಡುದ್ರೆ ಅಲ್ಲು ಕಿರ್ಕಂಡು ಸರ್ಕಸ್ ಕೋಮಾಳಿ ತರಾ... ನಿಂಗೆ ಅಮ್ಮ ಬೇಕಾಗೇ ಇರ್ಲಿಲ್ವಾ ಅಪ್ಪಾ?"

ಅವಳು ಮೇಲೆ ಹೋದಳು. ಬಾಲಾಜಿ ಮೆಟ್ಟಿಲ ಮೇಲೆ ನಿಂತಿದ್ದ, ನನ್ನ ಕಡೆ ನೋಡಿದ, ಅವನೂ ಹೋದ.

ಅವಳು ಹೇಳಿದ್ದು ಸುಳ್ಳಲ್ಲ. ಅಳಲಿಲ್ಲ ನಾನು. ಬಾರದಿದ್ದರೆ ಎಲ್ಲಿಂದ ತರಲಿ?

ಸೆಪ್ಟೆಂಬರ್ 5.

ಗಾಲಿ ಶಾಪಿಗೆ ವಾಪಸ್ ಕೊಟ್ಟೆ.

ಸೆಪ್ಟೆಂಬರ್ 12.

ಈರುಳ್ಳಿ ಹೆಚ್ಚಿದೆ. ಕಣ್ಣಲ್ಲಿ ನೀರು ಬಂತು. ಅದು ಈರುಳ್ಳಿಯದು.

ಸೆಪ್ಟೆಂಬರ್ 21. ಅಮಾವಾಸ್ಯೆ.

ಏನಿಲ್ಲ.

ಅಕ್ಟೋಬರ್ 12.

ಪೊನ್ನುಸ್ವಾಮಿ ಮನೆಗೇ ಬಂದ. ಹೆಗಲ ಮೇಲೆ ಗಾಲಿ. ಮಗ್ಗದ ಪಕ್ಕ ನಿಲ್ಲಿಸಿ, ಬೆವರು ಒರೆಸಿಕೊಂಡ.

"ಯಾಕ್ಲಾ ಬರ್ಲಿಲ್ಲ?"

"ಮಗ್ಳಿಗೆ ನೋವಾಯ್ತು."

"ಗಾಲಿ ಬುಟ್ಟಿದ್ಕೆ ವಾಸಿ ಆಯ್ತಾ?"

ಮಾತಾಡದ ಮನುಷ್ಯ ಮಾತಾಡಿದರೆ ಕಷ್ಟ. ಅವನು ಬೆಡ್‌ಶೀಟಿನ ತುದಿ ಎತ್ತಿ ಸೀರೆ ನೋಡಿದ. ಬುಟ್ಟಿ ನೋಡಿದ.

"ಶಿವಲಕ್ಷ್ಮಿ ತಂಗಚ್ಚಿ ಇಷ್ಟು ಸುತ್ತಿಟ್ಟಿದ್ದು ನೇಯ್ಲಿ ಅಂತ ಕಣ್ಲಾ. ನೋಡ್ತಾ ಕೂತ್ಕಳ್ಲಿ ಅಂತಲ್ಲ."

ಕಾಫಿ ಕುಡಿಯದೆ ಹೋದ.

ಅಕ್ಟೋಬರ್ 14. ಸಂಜೆ.

ಕೂತೆ. ಗುಂಡಿಗೆ ಕಾಲು ಇಳಿಬಿಟ್ಟೆ. ಕಾಲುಮಣೆ ತಣ್ಣಗಿತ್ತು.

ಬುಟ್ಟಿಯಿಂದ ಒಂದು ಕಂಡಿಕೆ ತೆಗೆದು ಲಾಳಿಗೆ ಹಾಕಿದೆ. ಎಡಗಾಲು ಒತ್ತಿದೆ. ಹಗ್ಗ ಎಳೆದೆ. ಲಾಳಿ ಇನ್ನೂ ಅರ್ಧ ದಾರಿಯಲ್ಲಿತ್ತು, ಬಲಗಾಲು ತಾನಾಗಿ ಸುತ್ತಲು ಹೊರಟಿತು! ದಾರಿ ಮುಚ್ಚಿಕೊಂಡಿತು. ಲಾಳಿ ನಡುವೆ ಸಿಕ್ಕಿ, ಎಳೆಗಳು ಪಟಪಟ ಕಡಿದವು. ನಲವತ್ತು ವರ್ಷದಲ್ಲಿ ಇಂಥ ತಪ್ಪು ಮಾಡಿಲ್ಲ. ಕಲಿಯುವವನೂ ಮಾಡುವುದಿಲ್ಲ. ಅಲ್ಲಿ ಮಗ್ಗ ತುಳಿದೆ, ಇಲ್ಲಿ ಗಾಲಿ ಬಿಡುತ್ತಿದ್ದೇನೆ.

ಗುಂಡಿಯಲ್ಲಿ ಒಬ್ಬನೇ ಕೂತು ನಕ್ಕೆ. ಅವಳಿದ್ದಿದ್ದರೆ ಬೈಗುಳ ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.

ಎಳೆ ಕಟ್ಟುತ್ತಾ ಮಧ್ಯಾಹ್ನವಾಯಿತು. ಆಮೇಲೆ ಮೆಲ್ಲಗೆ ಒತ್ತಿ, ಕಾದು, ಎತ್ತಿ... ಕಾಲಿಗೆ ನೆನಪು ಬಂತು. ಮಗ್ಗದ ಸದ್ದು ಮನೆ ತುಂಬಿತು. ಸ್ಕೂಲಿನಿಂದ ಬಂದ ಇಂದುಜಾ ಬಾಗಿಲಲ್ಲೇ ನಿಂತಳು. ಬ್ಯಾಗ್ ಹೆಗಲ ಮೇಲೇ ಇತ್ತು. ಕಾಫಿ ತಂದಿಟ್ಟು ಹೋದಳು.

ಸಕ್ಕರೆ ಕಡಿಮೆ ಇತ್ತು.

ಅಕ್ಟೋಬರ್ 18. ಶನಿವಾರ. ಮಧ್ಯಾಹ್ನ.

ಅಕ್ಷರ ಸೊಟ್ಟ ಬರುತ್ತಿದೆ.

ಬುಟ್ಟಿಯ ತಳದ ಕಂಡಿಕೆ ಓಡುತ್ತಿತ್ತು. ಸೆರಗು ಹತ್ತಿರ. ಕೆಂಪು ರೇಷ್ಮೆಯ ಮೇಲೆ ಏನೋ ಮಿನುಗಿತು. ಜರಿ ಅಲ್ಲ. ಬಗ್ಗಿ ನೋಡಿದೆ. ಕೂದಲು. ನೂಲಿನ ಜೊತೆ ಕಂಡಿಕೆಗೆ ಸುತ್ತಿಕೊಂಡು, ಲಾಳಿಯಲ್ಲಿ ಬಂದು, ಸೀರೆಯೊಳಗೆ ನೇಯ್ದುಹೋಗಿದೆ. ಬುಡ ಬಿಳಿ, ತುದಿ ಮದರಂಗಿ ಕೆಂಪು.

ಇಂಥದ್ದು ಸಿಕ್ಕರೆ ಚಿಮಟದಲ್ಲಿ ಕಿತ್ತು ತೆಗೆಯಬೇಕು. ಬಿಟ್ಟರೆ ಸೊಸೈಟಿಯವರು ತಪ್ಪು ಎಣಿಸುತ್ತಾರೆ. ಅವಳೇ ಕೀಳುತ್ತಿದ್ದಳು. ಕಿತ್ತು, ಬೆಳಕಿಗೆ ಹಿಡಿದು, "ಯಾವೋಳ್ದು ಈ ಕೂದ್ಲು? ನಿಜ ಯೋಳು," ಎಂದು ನನ್ನನ್ನು ಗದರುತ್ತಿದ್ದಳು. ಅವಳದೇ. ಪ್ರತಿ ಸಲವೂ ಅವಳದೇ.

ಇಂದುಜಾನ ಕೂಗಿದೆ. ಎಳೆಯ ವಯಸ್ಸಿನ ಕಣ್ಣು ಅವಳದು. ಚಿಮಟ ತಂದಳು, ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

"ಅಪ್ಪಾ. ಇದು ಅಮ್ಮುಂದು."

ಹೌದು ಅನ್ನಲು ಬಾಯಿ ತೆರೆದೆ. ಮಾತಿನ ಬದಲು ಬೇರೇನೋ ಬಂತು. ಹೊಟ್ಟೆಯ ಒಳಗಿನಿಂದ, ದನದ ಕೂಗಿನ ಹಾಗೆ. ರೇಷ್ಮೆಯ ಮೇಲೆ ನೀರು ಬಿದ್ದರೆ ಕಲೆ — ಆಗಲೂ ಅದು ನೆನಪಿತ್ತು ನೋಡು — ಹಿಂದಕ್ಕೆ ವಾಲಿದೆ, ಮುಖ ಆ ಕಡೆ ತಿರುಗಿಸಿದೆ. ನಿಲ್ಲಲಿಲ್ಲ. ಇಂದುಜಾ ಚಿಮಟ ಬಿಸಾಕಿ ಗುಂಡಿಯ ಅಂಚಿನಲ್ಲಿ ಕೂತು ನನ್ನ ತಲೆ ಹಿಡಿದುಕೊಂಡಳು. ಅವಳೂ ಅತ್ತಳು. ಶಿವಲಕ್ಷ್ಮಿ ಸತ್ತಿದ್ದಾಳೆ. ನನ್ನ ಶಿವಲಕ್ಷ್ಮಿ. ಮಾಸಿ ತಿಂಗಳಲ್ಲೇ ಸತ್ತಳು, ನನಗೆ ಇವತ್ತು ತಿಳಿಯಿತು.

ಎಷ್ಟೋ ಹೊತ್ತಿನ ಮೇಲೆ ಇಂದುಜಾ ಮೂಗು ಒರೆಸಿಕೊಂಡು ಹೇಳಿದಳು. "ಕೀಳ್ಬ್ಯಾಡಪ್ಪಾ. ಅಂಗೇ ಇರ್ಲಿ. ನೇಯಿ."

ನೇಯ್ದೆ. ಕೂದಲು ಒಳಗೇ ಇದೆ. ಯಾರೋ ಮದುವೆಗೆ ಉಡುತ್ತಾರೆ.

ಅಕ್ಟೋಬರ್ 23. ಬೆಳಗ್ಗೆ 7.

ನಿನ್ನೆ ಸೀರೆ ಕೊಯ್ದು ಕೊಟ್ಟೆ. ಸೊಸೈಟಿಯವನು ಬೆರಳಾಡಿಸಿ ನೋಡಿದ. ಏನೂ ಕಾಣಲಿಲ್ಲ ಅವನಿಗೆ.

ಬುಟ್ಟಿ ಖಾಲಿ. ಹಾಸಿನಲ್ಲಿ ಇನ್ನೊಂದು ಸೀರೆಯಷ್ಟು ಉಳಿದಿದೆ.

ಈಗಷ್ಟೇ ಪಾವಡಿಯಿಂದ ಬಂದೆ. ಇಂದುಜಾನೂ ಬಂದಿದ್ದಳು, ತಾನಾಗಿಯೇ. ವಳ್ಳಿಯಮ್ಮನ ಬೆಂಚಿನ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ನಾನು ಕೊನೆಯ ಕಂಬ ಮುಟ್ಟಿ, ತಿರುಗಿ, ಇಳಿಯದೆ ವಾಪಸ್ ಬಂದೆ. ಕೈ ಜೇಬಿನಲ್ಲಿರಲಿಲ್ಲ. ಆ ಕಡೆ ಶಿವಲಕ್ಷ್ಮಿ, ಈ ಕಡೆ ನಾನು ನಡೆಯುತ್ತಿದ್ದ ಜಾಗವೇ. ಕಣ್ಣಲ್ಲಿ ನೀರಿತ್ತು, ಬೀಳಲಿಲ್ಲ — ನಾನು.

"ಅಂಗೆ ಮೂತಿ ಸಿಂಡ್ರಿಸ್ಕಂಡು ಬುಟ್ರೆ ವಿಡಿಯೋ ಚೆನ್ನಾಗ್ ಬರಾಕಿಲ್ಲ," ಅಂದಳು ಇಂದುಜಾ. ಅವಳ ಫೋನಿನಲ್ಲಿ ಅವಳೇ ತೆಗೆದಿದ್ದಳು.

ಈಗ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಬರೆಯುತ್ತಿದ್ದೇನೆ. ಅಮ್ಮನ ರಾಟೆಯನ್ನು ಇಂದುಜಾ ಒರೆಸಿಟ್ಟಿದ್ದಾಳೆ, ಯಾಕೆ ಅಂತ ನಾನು ಕೇಳಲಿಲ್ಲ. ಬಾಗಿಲು ತಟ್ಟಿದರು. ಮೇಸ್ತ್ರಿ. ದೀಪಾವಳಿ ಕಳೆಯಿತಲ್ಲ, ಇಂದುಜಾ ಹಿಂದೆ ಹೇಳಿಟ್ಟ ಮಾತಿಗೆ ಸರಿಯಾಗಿ ಬಂದಿದ್ದಾನೆ, ಕೈಯಲ್ಲಿ ಟೇಪು. ಇಂದುಜಾ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

"ಇಲ್ಲಣ್ಣಾ, ಗುಂಡಿ ಮುಚ್ಚೋದು ಬ್ಯಾಡ. ನಮ್ಮಪ್ಪ ಇನ್ನಾ ನೇಯ್ತಾರೆ."