ಕಾಯಿಲ್ ಕಾರ್ಖಾನೆಗೆ ಒಂದು ಸಹಿ

ಸನ್ನಿವೇಲ್, ಅಮೆರಿಕ, ೨ ಫೆಬ್ರವರಿ ೧೯೮೬

ತಮ್ಮ ಕುಬೇರಪ್ಪನಿಗೆ,

ಫೋನಿನಲ್ಲಿ ಹೇಳಿದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ, ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನನ್ನಿಂದ ಕಾಗದ ಬರೆಸುತ್ತೀ.

ಸರ್ಕಾರ ಆಮದಿಗೆ ಅನುಮತಿ ಕೊಟ್ಟಿತೆಂದು, ನಮ್ಮ ಹುಬ್ಬಳ್ಳಿ ಕಾರ್ಖಾನೆಯಲ್ಲಿ ತಂತಿಯ ಕಾಯಿಲ್ ಸುತ್ತುವುದನ್ನು ನಿಲ್ಲಿಸಿ ಕೊರಿಯಾದ ಟಿ.ವಿ. ಬಿಡಿಭಾಗ ಜೋಡಿಸಲು ಪಾಲುದಾರನೆಂದು ನನ್ನ ಸಹಿ ಕೇಳಿದ್ದೀ. ಹುಳುಕು ಹಿಡಿಯೋಣವೆಂದು ಮಗಳ ಮನೆಯ ಕೊರಿಯಾ ಟಿ.ವಿ. ಬಿಚ್ಚಿದೆ. ಹುಳುಕು ಸಿಗಲಿಲ್ಲ, ತಿರುಗಿ ಜೋಡಿಸಲೂ ಬರಲಿಲ್ಲ. "ಸುಮ್ಮನ ಕೂಡಾಕ ಬರೂದಿಲ್ಲೇನಪ್ಪಾ ನಿನಗ?" ಅಂದಳು ಗಿರಿಜಾ. ನಿಜ, ಕುಂತಲ್ಲಿ ಕೂರಲಾಗುತ್ತಿಲ್ಲ.

ಇಪ್ಪತ್ತು ವರ್ಷದಿಂದ ನಮ್ಮ ಕಾರ್ಖಾನೆಯ ಚನ್ನಬಸವ್ವ ಬಾಯಲ್ಲಿ ಸುತ್ತು ಎಣಿಸುತ್ತ ತಂತಿ ಸುತ್ತಿದ್ದಾಳೆ. ನಡುವೆ ಯಾರಾದರೂ ಮಾತಾಡಿಸಿದರೆ ಬಿಚ್ಚಿ ಮೊದಲಿಂದ ಸುತ್ತುತ್ತಾಳೆ. ಹೊಸ ಬೆಂಚು ಎಲ್ಲೆಲ್ಲಿ ಎಂದು ನಕ್ಷೆ ಕಳಿಸಿದ್ದೀ; ಅವಳೂ ಕಾಯಿಲ್ ಸುತ್ತುವ ಉಳಿದ ಐವರೂ ಎಲ್ಲಿ ಕೂರಬೇಕು ಎಂದು ಬರೆದಿಲ್ಲ. ಅದು ತಿಳಿಯದೆ ಸಹಿ ಇಲ್ಲ.

ಕಾಗದ ಹೋಗಿಬರಲು ತಿಂಗಳು ಹಿಡಿಯುತ್ತದೆ; ಮಾರ್ಚ್ ಹತ್ತರೊಳಗೆ ಉತ್ತರ ಬರಬೇಕು.

ನಿನ್ನ ಅಣ್ಣ,
ವಿರುಪಾಕ್ಷಪ್ಪ