ಗ್ರೂಪಿಂದ ತೆಗೆದ ಗಂಡನಿಗೆ

ರೀ,

ಎದ್ದ ತಕ್ಷಣ ಫೋನ್ ಹಿಡಿದು ಕೂಗಾಡಬೇಡಿ. ನಿಮ್ಮನ್ನ ಬಿಲ್ಡಿಂಗ್ ಗ್ರೂಪಿಂದ ತೆಗೆದಿದ್ದು ನಾನೇ. ಅಡ್ಮಿನ್ ಆದಮೇಲೆ ಗಂಡ ಅಂತ ಬಿಡೋಕಾಗಲ್ಲ. ಮೇಲಿನ ಮನೆ ಟೀಚರ್ ಬಾಲ್ಕನಿ ತೊಳೆದ ನೀರು ನಿಮ್ಮ ಸ್ಕೂಟರ್ ಮೇಲೆ ಬಿತ್ತು, ಸರಿ. ಅದಕ್ಕೆ ಗ್ರೂಪಲ್ಲಿ ಅವರ ಮಗನ ಮಾರ್ಕ್ಸ್ ಯಾಕೆ ಎಳೆದು ತಂದ್ರಿ?

ಟೀ ಫ್ಲಾಸ್ಕಲ್ಲಿದೆ. ಸಕ್ಕರೆ ಹಾಕಿದ್ನೋ ಇಲ್ವೋ ನೆನಪಿಲ್ಲ, ರುಚಿ ನೋಡಿ. ಬೆಳಿಗ್ಗೆಯಿಂದ ಒಂದು ಕಡೆ ಕೂರೋಕಾಗ್ತಿಲ್ಲ ನನಗೆ. ನಿಮ್ಮನ್ನ ತೆಗೆದಿದ್ದೇ ತಡ, ಎಲ್ಲರೂ ಚಪ್ಪಾಳೆ ಹಾಕಿದ್ರು. "ಪೀಡೆ ತೊಲಗಿತು" ಅಂತ ಬರೆದ್ರು ಎದುರುಮನೆ ಡಾಕ್ಟರು. ಅವರ ನಲ್ಲಿ ಕಿತ್ತು ಬಂದು ಮನೆಯೆಲ್ಲ ನೀರಾದಾಗ ಊಟ ಬಿಟ್ಟು ಓಡಿದ ಪೀಡೆ ಯಾರಂತೆ? ಬೈಯೋದಿದ್ರೆ ನಾನು ಬೈತೀನಿ, ಇವರ್ಯಾರು? ಅದನ್ನೇ ಬರೆದು, ಎಲ್ಲರಿಗೂ ಉಗಿದು, ನಾನೂ ಗ್ರೂಪ್ ಬಿಟ್ಟೆ.

ಔಷಧಿ ಅಂಗಡಿ ಬೀಗ ಇವತ್ತು ನಾನೇ ತೆಗೀಬೇಕು, ಹೊರಟೆ. ನೀಲಿ ಶರ್ಟ್ ಇಸ್ತ್ರಿ ಮಾಡಿಟ್ಟಿದ್ದೀನಿ, ಈಗಲೇ ಹಾಕ್ಕೋಬೇಡಿ. ಸಂಜೆ ಇಬ್ಬರೂ ಟೀಚರ್ ಮನೆಗೆ ಹೋಗಿ ತಪ್ಪಾಯ್ತು ಅನ್ನೋಣ. ಅಲ್ಲಿ ಸ್ಕೂಟರ್ ವಿಷಯ ಎತ್ತಿದ್ರೋ, ನೋಡ್ಕೊಳ್ಳಿ. ಗ್ರೂಪ್ ಬಿಟ್ಟಿದ್ದೀನಿ ಅಷ್ಟೆ. ಈ ಮನೆಗೆ ಅಡ್ಮಿನ್ ಈಗಲೂ ನಾನೇ.